ಶಾಲೆಯಲ್ಲಿ ನಾವು ತೆಗೆದ ಸಿನಿಮಾ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)

ಮುಂದಿನ ಸಾಲಿನಲ್ಲಿ ಕುಳಿತು ತಿಂಡಿಯ ಪೊಟ್ಟಣ ಯಾವಾಗ ಬಂದೀತೆಂದು ಹಿಂದಕ್ಕೆ ಹಿಂದಕ್ಕೆ ತಿರುಗಿ ನೋಡುತ್ತಿರುವ ಮಕ್ಕಳೇ,

ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪನಿಂದ ಆರಂಭಿಸುವುದು ವಾಡಿಕೆ. ಆ ಯೋಗ್ಯತೆ ನಮಗಿಲ್ಲ. ನಾವು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡತಕ್ಕವರು. ಕಾರ್ಯದರ್ಶಿಗಳು, "ಏನನ್ನಾದರೂ ಹೇಳಿ, ಆದರೆ ಮಕ್ಕಳಿಗೂ ರುಚಿಸುವಂತಿರಲಿ" ಎಂದು ಅಪ್ಪಣೆ ಮಾಡಿದ್ದಾರೆ. ಆದುದರಿಂದ ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ, 2003-04ರಲ್ಲಿ, ಇದೇ ಅಹಮದಾಬಾದಿನ ಒಂದು ಶಾಲೆಯಲ್ಲಿ ಸಿನಿಮಾ ತೆಗೆಯುವುದನ್ನು ಕಲಿತ ಸಂಗತಿಯನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಮಾತುಮಾತಿಗೂ "ನಾವು, ನಾವು" ಎನ್ನುತ್ತಾನಲ್ಲ, ಇವನೇನು ಮಹಾರಾಜನೇ ಎಂದು ತಾವು ನಗಬಾರದು. ಬ್ಯಾಂಕಿನ ಕಾಗದಗಳಲ್ಲಿ ಎಲ್ಲವೂ "ನಾವು" ಎಂದೇ ಇರುವುದು. ಸಾಲ ಕೊಡುವವರೂ ನಾವು, ವಸೂಲಿಗೆ ನೋಟೀಸು ಕಳಿಸುವವರೂ ನಾವು. ಹದಿಮೂರು ವರ್ಷ ಹಾಗೆ ಬರೆದ ಕೈಗೆ, ನಾಲಿಗೆಗೆ, "ನಾನು" ಎಂಬುದು ಒಗ್ಗದಾಗಿದೆ. ಅಲ್ಲದೆ ಈ ಸಿನಿಮಾವನ್ನು ತೆಗೆದವರು ಐವರು: ಇಬ್ಬರು ಗುಜರಾತಿ ಹುಡುಗಿಯರು, ಒಬ್ಬ ಸಿಂಧಿ, ಒಬ್ಬ ಮಲಯಾಳಿ, ಮತ್ತು ನಾವು. ಕನ್ನಡ ಬಲ್ಲವರು ನಾವೊಬ್ಬರೇ. ಮುಂದೆ ಬರುವ ತೊಡಕೆಲ್ಲ ಹುಟ್ಟಿದ್ದು ಇದರಿಂದಲೇ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಶನಿವಾರ ಮಧ್ಯಾಹ್ನದ ಮೇಲೆ ಎರಡು ಗಂಟೆಯ ತರಗತಿ. ಹೊಸದಾಗಿ ಬಂದ ಗುಜರಾತಿ ಉಪಾಧ್ಯಾಯರೊಬ್ಬರು ಅದನ್ನು ತಾವಾಗಿಯೇ ವಹಿಸಿಕೊಂಡಿದ್ದರು. ಮಕ್ಕಳು ನಲವತ್ತು, ಕ್ಯಾಮರಾ ಒಂದು. ಪಾಲಕರಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ. ಮಕ್ಕಳು ಸಿನಿಮಾ ನೋಡಿ ಕೆಡುವುದು ಸಾಲದೆಂದು ಇನ್ನು ತೆಗೆದೂ ಕೆಡಬೇಕೇ ಎಂದು ನಮ್ಮ ತಂದೆಯವರೇ ಅಂದಿದ್ದರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರು 1970ರ ದಶಕದಲ್ಲಿಯೇ ಚಿತ್ರಸಮಾಜ ಕಟ್ಟಿ, ಅಡಕೆ ಬೆಳೆಯುವ ಜನಕ್ಕೆ ಜಗತ್ತಿನ ಚಿತ್ರಗಳನ್ನು ತೋರಿಸಿ, ಅವನ್ನು ನೋಡುವ ಬಗೆಯನ್ನು ಶಿಬಿರ ನಡೆಸಿ ಕಲಿಸಿದ ಸುದ್ದಿ ಆಗ ನಮಗೂ ಗೊತ್ತಿರಲಿಲ್ಲ, ನಮ್ಮ ತಂದೆಯವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ವಾದಕ್ಕೆ ಒದಗುತ್ತಿತ್ತು.

ಮೊದಲ ಮೂರು ಶನಿವಾರ ಉಪಾಧ್ಯಾಯರು ನಮಗೆ ಕ್ಯಾಮರಾ ಮುಟ್ಟಗೊಡಲಿಲ್ಲ. ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ ಕೊಟ್ಟು, ಶಾಲೆಯ ಬಾಗಿಲ ಮುಂದೆ ಕೂಡಿಸಿ, ಅರ್ಧ ಗಂಟೆ ಅದರ ಮೂಲಕ ನೋಡಿ, ಕಂಡದ್ದನ್ನು ಬರೆಯಿರಿ ಎಂದರು. ನಾವು, "ಕಾವಲುಗಾರ ಕುರ್ಚಿಯ ಮೇಲೆ ಕುಳಿತಿದ್ದ. ಬೇರೇನೂ ಆಗಲಿಲ್ಲ" ಎಂದು ಬರೆದುಕೊಟ್ಟೆವು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅವರು ಬರೆದರು: ಕಾವಲುಗಾರ ಏಳು ಸಲ ಕಾಲು ಬದಲಿಸಿದ, ಎಡಗಾಲಿಗೆ ನೋವಿದೆ, ಮೂರು ಸಲ ಗಡಿಯಾರ ನೋಡಿದ. ಅವನ ಎಡಗಾಲಿಗೆ ನೋವಿದ್ದದ್ದು ನಿಜವೆಂದು ಆಮೇಲೆ ಕೇಳಿ ತಿಳಿದೆವು. ಎರಡು ವರ್ಷ ಆ ಬಾಗಿಲನ್ನು ದಾಟಿ ಒಳಗೆ ಹೋಗಿದ್ದವರು ನಾವು.

ಕ್ಯಾಮರಾ ಕೈಗೆ ಬಂದಾಗ ನಡೆದದ್ದು ಕಪಿಚೇಷ್ಟೆ. ಗುಂಡಿಯೊಂದನ್ನು ಒತ್ತಿದರೆ ದೂರದ್ದು ಹತ್ತಿರ ಬರುತ್ತಿತ್ತು. ಅದನ್ನು ಒತ್ತದೆ ಇರುವ ಸಂಯಮ ಐವರಲ್ಲಿ ಒಬ್ಬರಿಗೂ ಇರಲಿಲ್ಲ. ತೆಗೆದುದನ್ನು ಹಾಕಿ ನೋಡಿದರೆ ಹಡಗಿನಲ್ಲಿ ಕುಳಿತವರಿಗೆ ಆಗುವಂತೆ ತಲೆ ತಿರುಗಿತು. ಉಪಾಧ್ಯಾಯರು ಬೈಯಲಿಲ್ಲ. "ಕ್ಯಾಮರಾವನ್ನು ಒಂದು ಕಡೆ ಇಟ್ಟು ಹತ್ತು ಎಣಿಸಿ. ಹತ್ತಾಗುವವರೆಗೆ ಅಲುಗಾಡಿಸಬೇಡಿ" ಎಂದರು. ಅಂದಿನಿಂದ ಪ್ರತಿಯೊಬ್ಬರೂ ಅವರವರ ಭಾಷೆಯಲ್ಲಿ ಎಣಿಸತೊಡಗಿದೆವು. ಆ ಎಣಿಕೆ ಕ್ಯಾಸೆಟ್ಟಿನಲ್ಲಿ ಧ್ವನಿಯಾಗಿ ಮುದ್ರಿತವಾಗುತ್ತಿದೆ ಎಂಬುದು ಎರಡು ವಾರ ಕಳೆದ ಮೇಲೆ ತಿಳಿಯಿತು.

ಒಂದು ಶನಿವಾರ ಅವರು "ಮಂಥನ್" ಚಿತ್ರವನ್ನು ತೋರಿಸಿದರು. ತಮ್ಮಲ್ಲಿ ಹಿರಿಯರು ಅದನ್ನು ನೋಡಿಯೇ ಇರುತ್ತೀರಿ. 1976ರ ಚಿತ್ರ. ಗುಜರಾತಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ಐದು ಲಕ್ಷ ರೈತರು ತಲೆಗೆ ಎರಡು ರೂಪಾಯಿಯಂತೆ ಕೊಟ್ಟು ಮಾಡಿಸಿದ್ದು. ನಮ್ಮ ವೃತ್ತಿಯವರು ಮೊದಲು ಮಾಡುವ ಕೆಲಸ ಗುಣಾಕಾರ: ಹತ್ತು ಲಕ್ಷ ರೂಪಾಯಿ. ಬಿಡುಗಡೆಯಾದಾಗ ಆ ರೈತರು ಲಾರಿ ಹತ್ತಿ ಬಂದು "ನಮ್ಮ ಚಿತ್ರ" ಎಂದು ನೋಡಿದರಂತೆ. 2024ರಲ್ಲಿ ಅದೇ ಚಿತ್ರವನ್ನು ಜೀರ್ಣೋದ್ಧಾರ ಮಾಡಿ ಫ್ರಾನ್ಸ್ ದೇಶದ ಕಾನ್ ಉತ್ಸವದಲ್ಲಿ ತೋರಿಸಿದ್ದಾರೆ.

ಚಿತ್ರ ಆರಂಭವಾದೊಡನೆ ನಾವು ಬೆಂಚಿನ ಮೇಲೆ ಎದ್ದು ನಿಲ್ಲುವುದೊಂದು ಬಾಕಿ! ಗುಜರಾತಿನ ಹಳ್ಳಿಗೆ ಬರುವ ಪಶುವೈದ್ಯ ಡಾಕ್ಟರ್ ರಾವ್ ನಮ್ಮ ಗಿರೀಶ ಕಾರ್ನಾಡರು. ಅವರ ಜೊತೆಗಾರ ಚಂದಾವರ್ಕರ್ ನಮ್ಮ ಅನಂತನಾಗ್. ನಿರ್ದೇಶಕ ಶ್ಯಾಮ್ ಬೆನೆಗಲ್ ಅವರು ಬೆಳೆದದ್ದು ಹೈದರಾಬಾದಿನ ಕಡೆ, ತಂದೆಯವರ ಮೂಲ ಕರ್ನಾಟಕ. ಆ ತಂದೆ ಛಾಯಾಚಿತ್ರಗಾರರು. ಅವರ ಕ್ಯಾಮರಾದಿಂದ ಬೆನೆಗಲ್ ಹನ್ನೆರಡನೆಯ ವಯಸ್ಸಿನಲ್ಲೇ ಮೊದಲ ಚಿತ್ರ ತೆಗೆದಿದ್ದರು. ಮಕ್ಕಳೇ, ಹನ್ನೆರಡು! ನಾವು ಪಕ್ಕದ ಸಿಂಧಿ ಹುಡುಗನಿಗೆ ಹೆಮ್ಮೆಯಿಂದ ಇದನ್ನೆಲ್ಲ ಪಿಸುಗುಟ್ಟುತ್ತಿರಲು, ಉಪಾಧ್ಯಾಯರು ಕೇಳಿಸಿಕೊಂಡು, "ಇನ್ನೂ ಒಂದನ್ನು ಬಿಟ್ಟೆಯಲ್ಲ" ಎಂದರು. ಛಾಯಾಗ್ರಾಹಕ ಗೋವಿಂದ ನಿಹಲಾನಿಯವರು ಹುಟ್ಟಿದ್ದು ಕರಾಚಿಯಲ್ಲಿ; ಆದರೆ ಕ್ಯಾಮರಾ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ, 1962ರಲ್ಲಿ ತೇರ್ಗಡೆ. ಆಗ ಸಿಂಧಿ ಹುಡುಗ ನಮ್ಮತ್ತ ತಿರುಗಿ ನಕ್ಕ. ಹೆಮ್ಮೆಯನ್ನು ಇಬ್ಬರೂ ಹಂಚಿಕೊಳ್ಳಬೇಕಾಯಿತು.

ಆ ಪಾಲಿಟೆಕ್ನಿಕ್ಕಿನ ಹೆಸರನ್ನು ಎತ್ತಿದ ಮೇಲೆ ವಿ. ಕೆ. ಮೂರ್ತಿಯವರನ್ನು ನೆನೆಯದೆ ಮುಂದೆ ಹೋಗಲಾಗದು. ಸಿನಿಮಾ ಕಲಿಸಲು ಪುಣೆಯಲ್ಲಿ 1960ರಲ್ಲಿ ಸಂಸ್ಥೆ ಹುಟ್ಟುವುದಕ್ಕೆ ಬಹಳ ಮುಂಚೆ, 1940ರ ದಶಕದಲ್ಲಿಯೇ, ಬೆಂಗಳೂರಿನಲ್ಲಿ ಅದೊಂದು ಪಾಠವಾಗಿತ್ತು. ಬಡಗಿಯ ಕೆಲಸ, ವಿದ್ಯುತ್ತಿನ ಕೆಲಸ ಕಲಿಸುವ ಹಾಗೆಯೇ ಛಾಯಾಗ್ರಹಣವನ್ನೂ ಕಲಿಸುತ್ತಿದ್ದರು. ಮೈಸೂರಿನ ಮೂರ್ತಿಯವರು ಅಲ್ಲಿ ಕಲಿತು ಮುಂಬಯಿಗೆ ಹೋಗಿ ಗುರುದತ್ತರ ಕಣ್ಣಾದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ "ಕಾಗಜ್ ಕೆ ಫೂಲ್" (1959) ಅವರು ತೆಗೆದದ್ದು. ಅದರಲ್ಲಿ ಸ್ಟುಡಿಯೋದ ಕತ್ತಲೆಯೊಳಗೆ ಮೇಲಿನಿಂದ ಕಂಬದಂತೆ ಇಳಿಯುವ ಬೆಳಕು ಬರುತ್ತದಲ್ಲ, ಅದು ದೀಪದ ಬೆಳಕಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ತಂದದ್ದು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರಿಗೆ ಅದು ಸಂದದ್ದು ಅದೇ ಮೊದಲು. ನಿಹಲಾನಿಯವರು ಆರಂಭದಲ್ಲಿ ಈ ಮೂರ್ತಿಯವರ ಸಹಾಯಕರಾಗಿದ್ದವರು.

ಕನ್ನಡಿಯ ಸಂಗತಿಯನ್ನು ಸುಮ್ಮನೆ ಹೇಳಲಿಲ್ಲ. ನಮಗೆ ಅದು ಬೇಕಾಯಿತು.

ಪ್ರತಿಯೊಂದು ಗುಂಪೂ "ಕೆಲಸ ಮಾಡುವ ಒಬ್ಬ ಮನುಷ್ಯ" ಎಂಬ ವಿಷಯದ ಮೇಲೆ ಐದು ನಿಮಿಷದ ಚಿತ್ರ ತೆಗೆಯಬೇಕು, ಇಪ್ಪತ್ತೈದು ಅಂಕ. ಬೇರೆ ಗುಂಪಿನವರು ಗಾಳಿಪಟದ ದಾರಕ್ಕೆ ಬಣ್ಣ ಹಚ್ಚುವವರನ್ನೂ, ರಿಕ್ಷಾ ಓಡಿಸುವವರನ್ನೂ ಆರಿಸಿಕೊಂಡರು. ನಾವು ಆರಿಸಿಕೊಂಡದ್ದು ಮಣಿನಗರದ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರನ್ನು. ಕುಂದಾಪುರದ ಸೀಮೆಯವರು. ನಮ್ಮ ಕಟ್ಟಡದ ಮಕ್ಕಳೆಲ್ಲ ಅವರನ್ನು ದೋಸೆಯಣ್ಣ ಎನ್ನುತ್ತಿದ್ದೆವು. ಈಗಲೂ ಅಷ್ಟೇ ಹೆಸರು ಸಾಕು.

ಹೋಟೆಲಿನ ಅಡುಗೆಮನೆಯೆಂದರೆ ಹಗಲಿನಲ್ಲೂ ಕತ್ತಲೆ. ಕ್ಯಾಮರಾದಲ್ಲಿ ಕಂಡದ್ದು ಕರಿಯ ಹೊಗೆಯೊಳಗೆ ಒಂದು ಬಿಳಿ ಬನಿಯನ್ನು ಮಾತ್ರ. ಆಗ ಮೂರ್ತಿಯವರ ಕನ್ನಡಿ ನೆನಪಾಯಿತು. ಕನ್ನಡಿ ಯಾರು ಕೊಡುತ್ತಾರೆ? ಹಿತ್ತಲಿನ ಬಿಸಿಲಿನಲ್ಲಿ ಮಲಯಾಳಿ ಹುಡುಗ ಹೋಟೆಲಿನ ಎರಡು ದೊಡ್ಡ ಸ್ಟೀಲು ತಟ್ಟೆಗಳನ್ನು ಹಿಡಿದು ನಿಂತ. ಬಿಸಿಲು ಕಿಟಕಿಯಿಂದ ಒಳಗೆ ಹಾರಿ ಗೋಡೆಯ ಮೇಲೆ ಬಿತ್ತು. ಅಲ್ಲಿಂದ ದೋಸೆಯಣ್ಣನವರ ಕೈಮೇಲೆ. ಹುಡುಗನ ಕೈ ನಡುಗಿದಂತೆ ಬೆಳಕೂ ನಡುಗುತ್ತಿತ್ತು. ಪರವಾಗಿಲ್ಲ, ಒಲೆಯ ಮುಂದೆ ಬೆಳಕು ನಡುಗುವುದು ಸಹಜವೇ ಎಂದು ಉಪಾಧ್ಯಾಯರು ಆಮೇಲೆ ಮೆಚ್ಚಿದರು.

ಆ ಕೈಯನ್ನು ಅಂದು ಮೊದಲ ಸಲ ನೋಡಿದೆವು. ಎಷ್ಟೋ ವರ್ಷ ಆ ಕೈಯ ದೋಸೆ ತಿಂದಿದ್ದೆವು, ನೋಡಿರಲಿಲ್ಲ. ಮೊಣಕೈಯಿಂದ ಮುಂಗೈಯವರೆಗೆ ಸುಟ್ಟ ಕಲೆಗಳು, ಒಂದರ ಮೇಲೊಂದು, ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಕಲ್ಲಿನ ಮೇಲೆ ನೀರು ಚಿಮುಕಿಸಿ, ಅದು ಚುಂಯ್ ಎಂದ ಸದ್ದನ್ನು ಕೇಳಿ, ಕಡ್ಡಿಬರಲಿನಿಂದ ಗುಡಿಸಿ, ಆಮೇಲೆ ಹಿಟ್ಟು. ನೀರಿನ ಸದ್ದು ಸರಿಯಾಗಿ ಬರದಿದ್ದರೆ ಕಾಯುತ್ತಿದ್ದರು. ಕಲ್ಲನ್ನು ಕಿವಿಯಿಂದ ನೋಡುತ್ತಿದ್ದರು ಎಂದರೆ ತಪ್ಪಾಗದು.

ಅವರನ್ನು ಮಾತನಾಡಿಸಬೇಕಲ್ಲ. ಹುಡುಗಿಯರು ಹಿಂದಿಯಲ್ಲಿ ಕೇಳಿದರೆ "ಹಾಂ", "ನಹೀಂ", "ಬೀಸ್ ಸಾಲ್" ಇಷ್ಟೇ. ನಾವು ಕನ್ನಡದಲ್ಲಿ, "ಅಣ್ಣಾ, ಊರು ಬಿಟ್ಟಾಗ ಎಷ್ಟು ವರ್ಷ?" ಎಂದೆವು. ಅವರು ಸೌಟನ್ನು ಕೆಳಗಿಟ್ಟರು. ಹನ್ನೊಂದನೆಯ ವರ್ಷಕ್ಕೆ ಮನೆ ಬಿಟ್ಟದ್ದು, ಮುಂಬಯಿಯಲ್ಲಿ ಲೋಟ ತೊಳೆದದ್ದು, ಹಿಟ್ಟಿನ ಮೂಟೆಯ ಮೇಲೆ ಮಲಗಿದ್ದು, ಇಲ್ಲಿಗೆ ಬಂದದ್ದು, ಎಲ್ಲವನ್ನೂ ಹೇಳಿದರು. ಇಪ್ಪತ್ತು ನಿಮಿಷ. ನಡುವೆ ಎರಡು ಸಲ ಮಾಣಿಗಳು ಬಂದು "ಎರಡು ಮಸಾಲೆ" ಎಂದು ಕೂಗಿದರೂ ಕೇಳಿಸಿಕೊಳ್ಳಲಿಲ್ಲ.

ಇಲ್ಲಿ ನಮ್ಮದೊಂದು ಗುಟ್ಟನ್ನು ಹೇಳಬೇಕು. ನಮ್ಮ ಮನೆಯ ಮಾತು ಧಾರವಾಡದ್ದು. ಅವರ ಕರಾವಳಿಯ ಮಾತಿನಲ್ಲಿ ಅರ್ಧಕ್ಕರ್ಧ ನಮಗೆ ಅರ್ಥವಾಗಿರಲಿಲ್ಲ. ಎಲ್ಲ ತಿಳಿದವರಂತೆ ತಲೆಯಾಡಿಸಿದ್ದೆವು. ಗೆಳೆಯರ ಮುಂದೆ ಕನ್ನಡದ ಪಂಡಿತರೆಂದು ಮೆರೆದ ಮೇಲೆ ತಿಳಿಯಲಿಲ್ಲ ಎನ್ನುವುದು ಹೇಗೆ? ರಾತ್ರಿ ಕ್ಯಾಮರಾವನ್ನು ಮನೆಗೆ ತಂದು, ಮತ್ತೆ ಮತ್ತೆ ಹಾಕಿ ಕೇಳಿದೆವು. ತಾಯಿಯವರು ಸೊಪ್ಪು ಸೋಸುತ್ತ ಪಕ್ಕದಲ್ಲಿ ಕುಳಿತಿದ್ದರು. ಅವರ ತೌರಿನ ಕಡೆಯವರು ಶಿರಸಿಯಲ್ಲಿ ಇದ್ದವರಾದ್ದರಿಂದ ಆ ಧಾಟಿಯನ್ನು ನಮಗಿಂತ ಚೆನ್ನಾಗಿ ಬಲ್ಲರು. ಒಂದು ಕಡೆ ಅವರ ಕೈ ನಿಂತಿತು. "ಅದನ್ನ ಇನ್ನೊಮ್ಮೆ ಹಚ್ಚು" ಎಂದರು.

ಆ ಮಾತು ಇದು: "ಊರಲ್ಲಿ ನಾನು ಗಲ್ಲೆಯಲ್ಲಿ ಕೂತುಕೊಳ್ಳುವವ ಅಂತ ಲೆಕ್ಕ. ಹೋಗುವಾಗ ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು. ಕಿಸೆಯಲ್ಲಿ ಒಂದು ಪೆನ್ನು. ಎಷ್ಟು ಸೆಕೆಯಾದರೂ ತೋಳು ಮಡಚುವುದಿಲ್ಲ. ಕೈ ಕಾಣ್ತದಲ್ಲ."

ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ನಂಬಿ ಹೇಳ್ಯಾರಪಾ ಅವರು. ಊರಿಗೆಲ್ಲಾ ಸಾರಾಕಲ್ಲ" ಎಂದರು. ಹದಿನಾಲ್ಕು ವರ್ಷದವರಿಗೆ ತಾಯಿಯ ಮಾತು ಆ ಕ್ಷಣಕ್ಕೆ ಹಿಡಿಸುವುದುಂಟೇ? ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ತುಂಡು ಸಿಗದು ಎಂದು ನಾವು ಒಳಗೊಳಗೇ ಕುಣಿಯುತ್ತಿದ್ದೆವು.

ಕಂಪ್ಯೂಟರಿನ ಕೋಣೆಯಲ್ಲಿ ಜೋಡಣೆಯ ಕೆಲಸಕ್ಕೆ ಕುಳಿತಾಗ ಒಂದು ಸೋಜಿಗ ನಡೆಯಿತು. ಕನ್ನಡದ ಒಂದಕ್ಷರವನ್ನೂ ಅರಿಯದ ಗುಜರಾತಿ ಹುಡುಗಿಯೊಬ್ಬಳು, ನಾವು ಅರ್ಥ ಹೇಳುವ ಮೊದಲೇ, ಅದೇ ತುಂಡಿನ ಹತ್ತಿರ ತಡೆದು, "ಇಲ್ಲಿಂದ ಇಲ್ಲಿಯವರೆಗೆ" ಎಂದಳು. ಹೇಗೆ ಗೊತ್ತಾಯಿತೆಂದು ಕೇಳಿದೆವು. "ಇಲ್ಲಿ ಅವರು ಉಸಿರು ಹಿಡಿದರು, ಇಲ್ಲಿ ಬಿಟ್ಟರು" ಎಂದಳು. ಭಾಷೆ ಬಲ್ಲ ನಾವು ಶಬ್ದಗಳನ್ನು ಮಾತ್ರ ಕೇಳಿದ್ದೆವು. ಆ ನಲವತ್ತು ಸೆಕೆಂಡನ್ನು ಚಿತ್ರದ ಕೊನೆಗೆ, ಅವರ ಕೈಗಳ ಮೇಲೆ ಹಾಕಿದೆವು. ನೋಡಿದರೆ ನಮಗೇ ಮೈ ಜುಮ್ಮೆಂದಿತು.

ತೋರಿಸುವ ಮೊದಲು ಉಪಾಧ್ಯಾಯರು ಒಂದು ನಿಯಮ ಹಾಕಿದ್ದರು: ಯಾರ ಚಿತ್ರವೋ ಅವರು ಅದನ್ನು ಮೊದಲು ನೋಡಬೇಕು. ಈ ನಿಯಮ ಅವರಿಗೆ ಎಲ್ಲಿಂದ ಬಂತೆಂಬುದನ್ನು ಸ್ವಲ್ಪ ಹೇಳುತ್ತೇವೆ. ನಮ್ಮ ಊರಿಗೂ ಕನ್ನಡಕ್ಕೂ ಸಂಬಂಧಪಟ್ಟ ಕಥೆ ಅದು.

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ತಲುಪಿಸಿದರು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪ್ರತಿಯೊಂದು ಭಾಷೆಗೂ ಇಪ್ಪತ್ತೆರಡೂವರೆ ನಿಮಿಷ. ಈ ಚಿತ್ರಗಳನ್ನು ಆಕಾಶಕ್ಕೆ ಏರಿಸುತ್ತಿದ್ದ ಮುಖ್ಯ ಭೂಕೇಂದ್ರ ಇದ್ದದ್ದು ನಮ್ಮ ಅಹಮದಾಬಾದಿನಲ್ಲಿ. ಎಂದರೆ ರಾಯಚೂರಿನ ಹಳ್ಳಿಶಾಲೆಯ ಹುಡುಗ ಕೇಳಿದ ಕನ್ನಡ ಇಲ್ಲಿಂದ ಮೇಲಕ್ಕೆ ಹೋಗಿ ಅಲ್ಲಿಗೆ ಇಳಿದ ಕನ್ನಡ! ಸಂಘದ ವರದಿಯಲ್ಲಿ ಇದನ್ನು ಯಾರೂ ಈವರೆಗೆ ಬರೆದಂತಿಲ್ಲ, ಬರೆಯಬೇಕು.

ಅದೇ ವರ್ಷ ಇಲ್ಲಿಗೆ ಹತ್ತಿರದ ಖೇಡಾ ಜಿಲ್ಲೆಯ ಪೀಜ್ ಎಂಬ ಹಳ್ಳಿಯಲ್ಲಿ ಒಂದು ಸಣ್ಣ ಪ್ರಸಾರಕೇಂದ್ರವನ್ನೂ ಹಾಕಿದರು. ಹತ್ತು ವರ್ಷ ಅದು ನಡೆಯಿತು. ಅದರಲ್ಲಿ ಹಳ್ಳಿಯವರ ಕಷ್ಟಸುಖಗಳನ್ನು ಹಳ್ಳಿಯವರಿಂದಲೇ ಆಡಿಸಿ, ಅವರಿಗೇ ತೋರಿಸುತ್ತಿದ್ದರು: ಕೂಲಿಯ ದರ, ಕುಡಿತ, ಜಾತಿಯ ಹೆಚ್ಚುಕಡಿಮೆ. 1984ರಲ್ಲಿ ಯುನೆಸ್ಕೋ ಬಹುಮಾನವೂ ಬಂತು. ನಮ್ಮ ಉಪಾಧ್ಯಾಯರು ಆ ಜಿಲ್ಲೆಯವರು. ಹುಡುಗರಾಗಿದ್ದಾಗ ಪಂಚಾಯತಿಯ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತು ನೋಡಿದವರು. ಅವರು ಹೇಳುತ್ತಿದ್ದರು, "ನಾನು ಟಿ.ವಿ. ನೋಡುತ್ತಿರಲಿಲ್ಲ. ಟಿ.ವಿ.ಯಲ್ಲಿ ತಮ್ಮನ್ನು ತಾವು ನೋಡುತ್ತಿದ್ದ ನಮ್ಮೂರವರ ಮುಖ ನೋಡುತ್ತಿದ್ದೆ" ಎಂದು.

ಸರಿ, ನಿಯಮದಂತೆ ದೋಸೆಯಣ್ಣನವರಿಗೆ ತೋರಿಸಲು ಹೋದೆವು. ಮಧ್ಯಾಹ್ನ ಮೂರರ ಹೊತ್ತು, ಹೋಟೆಲು ಖಾಲಿ. ಕ್ಯಾಮರಾದ ಅಂಗೈಯಗಲದ ಪರದೆಯ ಮೇಲೆ ನೋಡಿದರು. ಕಲ್ಲನ್ನು ಕಂಡು ನಕ್ಕರು. ತಟ್ಟೆಯ ಬೆಳಕನ್ನು ಕಂಡು, "ಇದಾ ನಿಮ್ಮ ತಟ್ಟೆ ಪುರಾಣ!" ಎಂದರು. ಕೊನೆಯ ತುಂಡು ಬಂತು. ನಗು ನಿಂತಿತು. ಮುಗಿದ ಮೇಲೆ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡು, "ಇದು ಊರಿಗೆ ಹೋಗ್ತದಾ ಮಾಣಿ?" ಎಂದರು.

ಇಲ್ಲ, ಶಾಲೆಯಲ್ಲಿ ಮಾತ್ರ, ಅಲ್ಲಿ ಯಾರಿಗೂ ಕನ್ನಡ ಬಾರದು, ಕೆಳಗೆ ಇಂಗ್ಲಿಷಿನಲ್ಲಿ ಬರೆಯುತ್ತೇವೆ ಎಂದೆವು. "ಮತ್ತೆ ಸಂಘದವರು ನಿಮ್ಮ ಚಿತ್ರ ರಾಜ್ಯೋತ್ಸವಕ್ಕೆ ತೋರಿಸ್ತಾರೆ ಅಂತ ನಿನ್ನ ಅಪ್ಪ ಹೇಳಿದರಲ್ಲ?" ಎಂದರು. ಅದು ನಿಜವೇ ಆಗಿತ್ತು. ಸಿನಿಮಾ ಎಂದರೆ ಮೂಗು ಮುರಿದಿದ್ದ ತಂದೆಯವರು ಈಗ ಊರೆಲ್ಲ ಹೇಳಿಕೊಂಡು ಬಂದಿದ್ದರು. ಆ ಸಭೆಗೆ ಕುಂದಾಪುರ, ಉಡುಪಿಯ ಹೋಟೆಲಿನವರೆಲ್ಲ ಬರುವವರು. ಬೇಸಿಗೆಗೆ ಅದೇ ಊರಿಗೆ ಹೋಗುವವರು. ದೋಸೆಯಣ್ಣನವರು ಕೋಪಿಸಿಕೊಳ್ಳಲಿಲ್ಲ. "ಎಲ್ಲ ಇರಲಿ. ಆ ಪೆನ್ನಿನ ಮಾತು ಒಂದು ತೆಗೆದುಬಿಡು" ಎಂದರಷ್ಟೆ.

ಐವರಲ್ಲಿ ಜಗಳ ಹತ್ತಿತು. ತೆಗೆದರೆ ಚಿತ್ರದಲ್ಲಿ ಉಳಿಯುವುದೇನು, ದೋಸೆ? ಸಿಂಧಿ ಹುಡುಗ ಉಪಾಯ ಹೇಳಿದ: ಶಾಲೆಯಲ್ಲಿ ತುಂಡನ್ನು ಇಡೋಣ, ಸಂಘದಲ್ಲಿ ತೆಗೆಯೋಣ. ಹುಡುಗಿಯೊಬ್ಬಳು ಇನ್ನೊಂದು ಹೇಳಿದಳು: ಧ್ವನಿ ಇರಲಿ, ಕೆಳಗಿನ ಬರಹವನ್ನು ತೆಗೆಯೋಣ, ಶಾಲೆಯವರಿಗೆ ಅದು ಬರಿಯ ದನಿಯಾಗಿ ಕೇಳಿಸುತ್ತದೆ. ಮೂರನೆಯ ಉಪಾಯವನ್ನು ನಾವೇ ಹೇಳಿದೆವು, ಹೇಳಲು ಈಗಲೂ ನಾಚಿಕೆ: ಕೆಳಗೆ ಬೇರೆಯೇ ಅರ್ಥ ಬರೆಯೋಣ, ಯಾರಿಗೆ ಗೊತ್ತಾಗುತ್ತದೆ? ಕನ್ನಡ ಬಲ್ಲವರು ನಾವೊಬ್ಬರೇ ಎಂಬುದು ನಮಗೆ ಅಧಿಕಾರದಂತೆ ತೋರಿತ್ತು. ಬ್ಯಾಂಕಿನಲ್ಲಿ ತಿಜೋರಿಯ ಎರಡು ಕೀಲಿಗಳನ್ನು ಒಬ್ಬರ ಕೈಯಲ್ಲಿ ಕೊಡುವುದಿಲ್ಲ. ಏಕೆಂಬುದು ನಮಗೆ ಕೆಲಸಕ್ಕೆ ಸೇರುವ ಮೊದಲೇ ತಿಳಿದಿತ್ತು.

ಉಪಾಧ್ಯಾಯರ ಬಳಿಗೆ ಹೋದೆವು. ತೀರ್ಪು ಕೊಡುತ್ತಾರೆಂದು ನಂಬಿದ್ದೆವು. "ಕತ್ತರಿ ನಿಮ್ಮ ಕೈಯಲ್ಲಿದೆ" ಎಂದು ಹೇಳಿ ಅವರು ಹಾಜರಿ ಪುಸ್ತಕ ತೆಗೆದುಕೊಂಡು ಹೊರಟುಹೋದರು. ಅಂದು ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೈಯೆತ್ತಿ ಮತ ಹಾಕಿದೆವು. ಮೂರು, ಎರಡು. ತೆಗೆಯಬೇಕೆಂದವರು ಮೂವರು. ಉಸಿರಿನ ಲೆಕ್ಕ ಹಿಡಿದಿದ್ದ ಹುಡುಗಿ ತೆಗೆಯಬಾರದೆಂದವರಲ್ಲಿ ಒಬ್ಬಳು. ಆಕೆ ಅಳುತ್ತಲೇ ಕುಳಿತು ತನ್ನ ಕೈಯಿಂದಲೇ ಅದನ್ನು ಕತ್ತರಿಸಿದಳು. ನಾವು ಯಾವ ಕಡೆಗೆ ಕೈಯೆತ್ತಿದೆವೆಂದು ಮಕ್ಕಳು ಕೇಳುತ್ತಾರೆ. ತೆಗೆಯುವ ಕಡೆಗೇ. ಆದರೆ ದೋಸೆಯಣ್ಣನವರಿಗಾಗಿ ಅಲ್ಲ. ಮನೆಯಲ್ಲಿ ತಾಯಿಯವರಿಗೆ ಮುಖ ತೋರಿಸಬೇಕಿತ್ತು.

ಮಾತು ಹೋದ ಜಾಗಕ್ಕೆ ಕಲ್ಲಿನ ಮೇಲೆ ನೀರು ಬಿದ್ದ ಸದ್ದನ್ನು ಹಾಕಿದೆವು. ಕೈಗಳ ಚಿತ್ರ ಹಾಗೆಯೇ ಉಳಿಯಿತು. ಅದನ್ನು ತೆಗೆಯೆಂದು ಅವರು ಹೇಳಿರಲಿಲ್ಲ, ನಮಗೂ ಹೊಳೆಯಲಿಲ್ಲ. ಅಂಕ ಇಪ್ಪತ್ತೈದಕ್ಕೆ ಹದಿನೇಳು ಬಂತು. ಗಾಳಿಪಟದ ದಾರದವರಿಗೆ ಇಪ್ಪತ್ತೆರಡು.

ಸಂಘದ ಸಭೆಯಲ್ಲಿಯೂ ತೋರಿಸಿದರು; ಇಲ್ಲಿರುವ ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. ದೋಸೆಯಣ್ಣನವರು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು, ತೋಳಿನ ಗುಂಡಿಗಳನ್ನು ಮುಂಗೈವರೆಗೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಪರದೆಯ ಮೇಲೆ ಅವರ ಎರಡೂ ಕೈಗಳು, ಬರಿಯವು, ಆಳೆತ್ತರ ಬೆಳಗಿದವು. ನಾವು ಪರದೆಯನ್ನು ನೋಡಲಿಲ್ಲ. ಉಪಾಧ್ಯಾಯರಂತೆ ಹಿಂದಕ್ಕೆ ತಿರುಗಿ ಅವರನ್ನು ನೋಡಿದೆವು. ಅವರು ಅಲುಗಾಡದೆ ನೋಡುತ್ತಿದ್ದರು. ಮುಗಿದ ಮೇಲೆ ಅವರ ಸೀಮೆಯವರೊಬ್ಬರು, "ನಿಮ್ಮ ದೋಸೆ ಕಂಡು ಹಸಿವಾಯ್ತು ಮಾರಾಯ್ರೇ" ಎಂದರು. ಅಷ್ಟರಲ್ಲೇ ಎಲ್ಲ ಮುಗಿಯಿತು.

ಮುಗಿಯಿತೆಂದುಕೊಂಡಿದ್ದೆವು. ಆ ಹೋಟೆಲು ಈಗಿಲ್ಲ. ದೋಸೆಯಣ್ಣನವರು ಎಪ್ಪತ್ತು ದಾಟಿ ಊರಿನಲ್ಲಿದ್ದಾರೆ. ಹೋದ ವರ್ಷ ಫೋನು ಬಂತು. ಕುಶಲ ಕೇಳಿ, ತಡವರಿಸಿ, "ಮಾಣಿ, ಆ ತುಂಡು ಉಂಟಾ? ಪೆನ್ನಿನದ್ದು?" ಎಂದರು. ಮೊಮ್ಮಗ ಕಾಲೇಜಿನವನು, ಅಜ್ಜ ಏನು ಕೆಲಸ ಮಾಡಿದರೆಂದು ಕೇಳುತ್ತಾನಂತೆ. ಇವರು ಎಲ್ಲವನ್ನೂ ಹೇಳಿದ್ದಾರೆ, ಕೈಯನ್ನೂ ತೋರಿಸಿದ್ದಾರೆ. "ಆಗ ಹೇಳಿದ ಹಾಗೆ ಈಗ ಬರುವುದಿಲ್ಲ" ಎಂದರು.

ಶಾಲೆಗೆ ಹೋದೆವು. ಕಪಾಟಿನಲ್ಲಿ ಕ್ಯಾಸೆಟ್ಟುಗಳಿದ್ದವು. ನಮ್ಮದರ ಬೆನ್ನಿನ ಮೇಲೆ ಮೂರು ಚೀಟಿಗಳು, ಒಂದರ ಮೇಲೊಂದು. ಮೇಲಿನದು "ಕ್ರೀಡಾ ದಿನ". ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಕ್ಯಾಸೆಟ್ಟಿಗೆ ಬೆಲೆಯಿತ್ತು, ಒಂದರ ಮೇಲೆ ಇನ್ನೊಂದನ್ನು ತೆಗೆಯುವುದು ಎಲ್ಲ ಕಡೆಯೂ ನಡೆಯುತ್ತಿತ್ತು. ಬ್ಯಾಂಕಿನಲ್ಲಿ ನಾವೇ ಅವಧಿ ಮುಗಿದ ಓಚರುಗಳನ್ನು ಪಟ್ಟಿ ಮಾಡಿ ನಾಶಪಡಿಸುತ್ತೇವಲ್ಲ. 2021ರ ಗುಜರಾತಿ ಚಿತ್ರ "ಛೆಲ್ಲೊ ಶೋ"ವನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಸೌರಾಷ್ಟ್ರದ ಒಬ್ಬ ಹುಡುಗ ಸಿನಿಮಾದ ಬೆಳಕಿನ ಬೆನ್ನು ಹತ್ತುತ್ತಾನೆ. ಕೊನೆಗೆ ಅವನ ಕಣ್ಣೆದುರಿಗೇ ಪ್ರೊಜೆಕ್ಟರು ಕರಗಿ ಚಮಚವಾಗುತ್ತದೆ, ಫಿಲಂ ಸುರುಳಿಗಳು ಬಳೆಗಳಾಗುತ್ತವೆ. ಅಲ್ಲಿ ಏನೋ ಒಂದು ವಸ್ತುವಾದರೂ ಉಳಿಯಿತು ಎಂದು ಆ ಕಪಾಟಿನ ಮುಂದೆ ನಿಂತಾಗ ಅನಿಸಿತು.

ಆದರೂ ಕ್ಯಾಸೆಟ್ಟನ್ನು ಬೇಡಿ ಪಡೆದು ರಿಲೀಫ್ ರೋಡಿನ ಒಂದು ರಿಪೇರಿ ಅಂಗಡಿಗೆ ಒಯ್ದೆವು. ಅದನ್ನು ಹಾಕಿ ನೋಡುವ ಯಂತ್ರ ಈಗ ಸಿಗುವುದೇ ಕಷ್ಟ. ಓಟ, ಜಿಗಿತ, ಬಹುಮಾನ ವಿತರಣೆ, ಯಾರೋ ಮುಖ್ಯ ಅತಿಥಿಗಳ ದೀರ್ಘವಾದ ಭಾಷಣ. ನಲವತ್ತೆಂಟು ನಿಮಿಷ. ಅದು ಮುಗಿದು, ಪರದೆ ಒಮ್ಮೆ ನೀಲಿಯಾಗಿ, ಅಡಿಯಲ್ಲಿದ್ದ ನಮ್ಮದರ ಬಾಲ ಹೊರಟಿತು. ಮಾತಿನ ತುಂಡು ಅಲ್ಲಿರಲಿಲ್ಲ. ಉಳಿದದ್ದು ಒಂದೇ ನೋಟ: ಕಾದ ಕಲ್ಲು, ಗೋಡೆಯ ಮೇಲೆ ನಡುಗುವ ತಟ್ಟೆಯ ಬೆಳಕು, ನೀರು ಚಿಮುಕಿಸುವ ಕೈ. ಹಿಂದಿನಿಂದ ಒಬ್ಬ ಹುಡುಗನ ಪಿಸುದನಿ, ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸುತ್ತಿದೆ. ಏಳಕ್ಕೆ ಬಂದಾಗ ದೋಸೆಯಣ್ಣನವರ ಧ್ವನಿ: "ಆಯ್ತಾ ಮಾಣಿ? ಹಿಟ್ಟು ಹಾಕುದಾ?" ಹತ್ತಾಗುವ ಮೊದಲೇ ಕ್ಯಾಸೆಟ್ಟು ಮುಗಿಯುತ್ತದೆ.

ಅದನ್ನೇ ಮೊಬೈಲಿಗೆ ಹಾಕಿಸಿ ಊರಿಗೆ ಕಳಿಸಿದೆವು. ಈ ಸಂಗತಿಯನ್ನು ಸಭೆಯಲ್ಲಿ ಹೇಳಬಹುದೇ ಎಂದೂ ಕೇಳಿದೆವು. ಮರುದಿನ ಫೋನು ಮಾಡಿದರು. ಹೇಳು, ಹೆಸರು ಮಾತ್ರ ಬೇಡ ಎಂದರು. ಮೊಮ್ಮಗನ ಜೊತೆ ಕುಳಿತು ನಾಲ್ಕು ಸಲ ನೋಡಿದರಂತೆ. ಹೇಗಿದೆ ಅಣ್ಣಾ ಎಂದೆವು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಆ ದಿನ ಕಲ್ಲು ಹೆಚ್ಚು ಕಾದಿತ್ತು ಮಾಣಿ. ನೀರಿನ ಸದ್ದು ಕೇಳು ಬೇಕಾದರೆ" ಎಂದರು.

ತಿಂಡಿಯ ಪೊಟ್ಟಣಗಳು ಬಂದಿರುವಂತೆ ಕಾಣುತ್ತದೆ.